ಕಣ್ಣಿನ ವಾರ್ಡಿನ ರೀಲಪ್ಪ

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೊರಟ ದಿನ ರೀಲಪ್ಪ ತನ್ನ ಹಳೆಯ ಬ್ಯಾಗಿನಲ್ಲಿ ವಾರಕ್ಕಾಗುವಷ್ಟು ಬಟ್ಟೆ, ಟವೆಲ್ಲು, ಸೋಪು, ಹೊದಿಕೆ ಎಲ್ಲ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದ. ಅಕ್ಕನ ಮಗಳು ಬ್ಯಾಗು ನೋಡಿ ನಕ್ಕಳು.

"ಮಾಮ, ಯಾವ ಊರಿಗೆ ಹೊರಟಿದೀಯ? ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದಿರ್ತೀವಿ."

"ನೀನು ಸುಮ್ನಿರು. ನಂಗೆ ಗೊತ್ತಿಲ್ದಿರೋ ಆಸ್ಪತ್ರೆನಾ ಅದು?"

ಗೊತ್ತಿದ್ದ ಆಸ್ಪತ್ರೆಯೇ, ಸುಳ್ಳಲ್ಲ. ಆದರೆ ಅಲ್ಲಿ ನಡೆದದ್ದು ಮಾತ್ರ ಅವನಿಗೆ ಗೊತ್ತಿದ್ದ ಯಾವುದರ ಹಾಗೂ ಇರಲಿಲ್ಲ. ಹೆಸರು ಕೂಗಿದರು, ಒಳಗೆ ಕರೆದರು, ಕಣ್ಣಿಗೆ ತಣ್ಣಗೆ ಏನೋ ಬಿಟ್ಟರು, ಮೇಲೊಂದು ಬೆಳಕು ಅತ್ತಿತ್ತ ಆಡಿತು, ಆಯಿತು ಏಳಿ ಎಂದರು. ಹೊರಗೆ ಬಂದಾಗ ಒಂದು ಕಣ್ಣಿನ ಮೇಲೆ ಪುಟ್ಟ ಬಟ್ಟಲಿನಂಥ ಮುಚ್ಚಳವಿತ್ತು. ಬ್ಯಾಗಿನ ಜಿಪ್ಪು ಮನೆಯಲ್ಲಿ ಎಳೆದದ್ದು ಎಳೆದಂತೆಯೇ ಇತ್ತು.

"ಇಷ್ಟೇನಾ?" ಎಂದು ಡಾಕ್ಟರಮ್ಮನನ್ನು ಕೇಳಿದ.

"ಇಷ್ಟೇ ಅಜ್ಜ. ಮನೆಗೆ ಹೋಗಿ ಆರಾಮಾಗಿರಿ."

"ತಲೆ ಅಲ್ಲಾಡಿಸಬಹುದಾ?"

"ಧಾರಾಳವಾಗಿ."

"ಕೆಮ್ಮಿದ್ರೆ?"

"ಕೆಮ್ಮಿದೆಯಾ ನಿಮ್ಗೆ?"

"ಇಲ್ಲ, ಸುಮ್ನೆ ಕೇಳ್ದೆ. ನಗಬಹುದಾ?"

ಡಾಕ್ಟರಮ್ಮನಿಗೇ ನಗು ಬಂತು. ಚಿಕ್ಕ ವಯಸ್ಸಿನವಳು. ನಗುವುದಕ್ಕೂ ಅಪ್ಪಣೆ ಬೇಕಾಗಿದ್ದ ಕಾಲವನ್ನು ಅವಳು ಕಂಡವಳಲ್ಲ.

ಅಕ್ಕನ ಮಗಳು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಳು. ರೀಲಪ್ಪ ಬ್ಯಾಗನ್ನು ಕಾಲಿನ ನಡುವೆ ಇಟ್ಟುಕೊಂಡು ಕುರ್ಚಿಗಳ ಸಾಲಿನಲ್ಲಿ ಕುಳಿತ. ಎದುರಿನ ಗೋಡೆಯಲ್ಲಿ ಟಿವಿ ಒಂದು ತನ್ನಷ್ಟಕ್ಕೆ ಮಾತಾಡುತ್ತಿತ್ತು, ಯಾರೂ ಅತ್ತ ನೋಡುತ್ತಿರಲಿಲ್ಲ. ಕಿಟಕಿಗಳ ಎತ್ತರ ನೋಡಿ ಅವನಿಗೆ ಜಾಗದ ಗುರುತು ಹತ್ತಿತು. ನೆಲಕ್ಕೆ ಹೊಸ ಕಲ್ಲು ಹಾಸಿದ್ದರು, ಗೋಡೆಗೆ ಬೇರೆ ಬಣ್ಣ ಬಳಿದಿದ್ದರು, ಆದರೆ ಕಿಟಕಿಗಳನ್ನು ಮುಟ್ಟಿರಲಿಲ್ಲ. ತಾನು ಕುಳಿತದ್ದು ಹಳೆಯ ಕಣ್ಣಿನ ವಾರ್ಡಿನಲ್ಲಿ, ಹೆಂಗಸರ ಕಡೆಯ ಬಾಗಿಲ ಹತ್ತಿರ.

ಆ ಕಾಲದಲ್ಲಿ ಅವನಿಗೆ ಮೂವತ್ತು ದಾಟಿತ್ತು. ಟಾಕೀಸಿನಲ್ಲಿ ಆಪರೇಟರ್ ಕೆಲಸ. ಪರದೆಯ ಮೇಲೆ ಸಿನಿಮಾ ಬಿಡುವ ಎರಡು ಮೆಷಿನ್ನುಗಳ ನಡುವೆ, ಬೆಂಕಿಪೆಟ್ಟಿಗೆಯಂಥ ಕ್ಯಾಬಿನ್ನಿನಲ್ಲಿ, ಮ್ಯಾಟಿನಿಯಿಂದ ಕೊನೆಯ ಆಟದವರೆಗೆ ಅವನ ದಿನ ಕಳೆಯುತ್ತಿತ್ತು. ರೀಲು ಬಿಡುವುದೇ ಹೊಟ್ಟೆಪಾಡಾದ್ದರಿಂದ ಟಾಕೀಸಿನವರು ಅವನಿಗೆ ರೀಲಪ್ಪ ಎಂದು ಹೆಸರಿಟ್ಟಿದ್ದರು. ಹೆಸರು ಕೇಳಿದವರೆಲ್ಲ ಇವನು ಬುರುಡೆ ಬಿಡುವ ಪೈಕಿ ಎಂದುಕೊಳ್ಳುತ್ತಿದ್ದರು. ನಿಜಕ್ಕೂ ನೋಡಿದರೆ ಅವನಷ್ಟು ಮಾತು ಬಾರದ ಮನುಷ್ಯ ಆ ಬೀದಿಯಲ್ಲೇ ಇರಲಿಲ್ಲ. ಕ್ಯಾಬಿನ್ನಿನ ಗದ್ದಲದಲ್ಲಿ ಯಾರೊಡನೆ ಮಾತಾಡುವುದು? ಮನೆಗೆ ಬಂದರೆ ಅಕ್ಕ ಇದ್ದಳು, ಅವಳು ಮಾತಾಡಿದ ಮೇಲೆ ಇನ್ನೊಬ್ಬರಿಗೆ ಮಾತು ಉಳಿಯುತ್ತಿರಲಿಲ್ಲ.

ತಾಯಿ ತಂದೆ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕನೇ. ಭಾವ ತೀರಿಕೊಂಡ ಮೇಲೆ ಅವಳು ಮಗಳನ್ನು ಕರೆದುಕೊಂಡು ತಮ್ಮನ ಮನೆಗೆ ಬಂದು ನೆಲೆಸಿದ್ದಳು. ಹೊಸ ಸಿನಿಮಾ ಬಂದಾಗಲೆಲ್ಲ ರೀಲಪ್ಪ ಅವಳಿಗೊಂದು ಪಾಸು ತಂದು ಕೊಡುತ್ತಿದ್ದ. ಅವಳು ತಪ್ಪದೆ ಹೋಗುತ್ತಿದ್ದಳು, ಬಂದು "ಚೆನ್ನಾಗಿತ್ತು ಕಣೋ" ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಅಕ್ಕ ಲೋಟದ ಪಕ್ಕಕ್ಕೆ ಟೀ ಬಗ್ಗಿಸಿದಳು. ಬಗ್ಗಿಸುತ್ತಲೇ ಇದ್ದಳು. ಬಿಸಿ ಟೀ ಮೇಜಿನಿಂದ ಇಳಿದು ರೀಲಪ್ಪನ ತೊಡೆ ಮುಟ್ಟಿದಾಗಲೇ ಮನೆಯಲ್ಲಿ ವಿಷಯ ಗೊತ್ತಾದದ್ದು. ವಯಸ್ಸಿಗೆ ಮುಂಚೆಯೇ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಆಗ ಪೊರೆ ತೆಗೆದರೆ ಈಗಿನಂತೆ ಮನೆಗೆ ಕಳಿಸುತ್ತಿರಲಿಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಅಂಗಾತ ಮಲಗಿಸಿ, ತಲೆಯ ಎರಡು ಬದಿಗೂ ಮರಳಿನ ಚೀಲ ಇಡುತ್ತಿದ್ದರು. ಹೊಲಿಗೆ ಕೂಡಿಕೊಳ್ಳುವ ತನಕ ತಲೆ ಅಲ್ಲಾಡಿಸುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ, ನಗುವ ಹಾಗಿಲ್ಲ, ಅಳುವ ಹಾಗಂತೂ ಇಲ್ಲವೇ ಇಲ್ಲ. ಉದ್ದನೆಯ ಒಂದೇ ಕೋಣೆ, ನಡುವೆ ಮರದ ಅಡ್ಡಗೋಡೆ. ಈ ಕಡೆ ಹೆಂಗಸರು, ಆ ಕಡೆ ಗಂಡಸರು. ಎಲ್ಲರೂ ಚಾವಣಿಗೆ ಮುಖ ಮಾಡಿಕೊಂಡು ಚಾವಣಿಯನ್ನೂ ನೋಡಲಾರದೆ ಮಲಗಿರುತ್ತಿದ್ದರು. ವಾರ್ಡಿನ ಯಜಮಾನಿಕೆ ದೊಡ್ಡ ಸಿಸ್ಟರದ್ದು. ಆಳೂ ದೊಡ್ಡದು, ಗಂಟಲೂ ದೊಡ್ಡದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದರೆ ಏನೆಂದು ಅವರನ್ನು ನೋಡಿ ಕಲಿಯಬೇಕಿತ್ತು. ಯಾವ ಹಾಸಿಗೆಯಲ್ಲಿ ಯಾರ ತಲೆ ಕೂದಲೆಳೆಯಷ್ಟು ಸರಿದರೂ ಅವರಿಗೆ ತಿಳಿಯುತ್ತಿತ್ತು.

ಅಕ್ಕನ ತಲೆ ಸರಿಯುತ್ತಲೇ ಇತ್ತು. ಎದುರಿನವರ ಮುಖ ನೋಡದೆ, ಕೈ ಆಡಿಸದೆ ಮಾತಾಡುವುದು ಅವಳಿಂದ ಆಗದ ಕೆಲಸ. ಎರಡನೆಯ ಬೆಳಿಗ್ಗೆ ರೀಲಪ್ಪ ಬಂದಾಗ ದೊಡ್ಡ ಸಿಸ್ಟರ್ ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು.

"ನಿಮ್ಮಕ್ಕನಿಗೆ ಹೇಳಿ. ಹೀಗೇ ಆಡ್ತಿದ್ರೆ ಹೊಲಿಗೆ ಬಿಟ್ಟುಹೋಗತ್ತೆ, ಆಮೇಲೆ ನನ್ನನ್ನ ಅನ್ನಬೇಡಿ."

ರೀಲಪ್ಪ ಹಾಸಿಗೆಯ ಪಕ್ಕ ಸ್ಟೂಲೆಳೆದು ಕುಳಿತ. "ಅಕ್ಕಾ, ಸ್ವಲ್ಪ ಸುಮ್ನೆ ಮಲಗಬಾರ್ದಾ?"

"ಹೆಣದ ಥರ ಮಲಗು ಅಂದ್ರೆ ಹೇಗೋ? ಹೊತ್ತೇ ಹೋಗಲ್ಲ. ನೀನೇ ಏನಾದ್ರೂ ಹೇಳು."

"ನಾನೇನು ಹೇಳ್ಲಿ?"

"ಈಗ ಯಾವ ಸಿನಿಮಾ ಓಡ್ತಿದೆ? ಅದನ್ನೇ ಹೇಳು."

"ಅದನ್ನ ನೀನು ನೋಡಿದೀಯಲ್ಲ. ಹೋದ ವಾರ ಪಾಸ್ ಕೊಟ್ಟಿದ್ದೆ."

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದೇ ಒಂದು ವಿಶೇಷ.

"ನೋಡ್ಲಿಲ್ಲ ಕಣೋ. ಕೇಳ್ದೆ ಅಷ್ಟೆ," ಎಂದಳು. "ಪರದೆ ಮೇಲೆ ಮಂಜು ಕವಿದ ಹಾಗಿರ್ತಿತ್ತು. ಎರಡು ಮೂರು ವರ್ಷದಿಂದ ಹಾಗೇ. ನೀನು ಅಷ್ಟು ಆಸೆಯಿಂದ ಪಾಸು ತಂದು ಕೊಡ್ತಿದ್ದೆ, ಹೇಗೆ ಹೇಳೋದು?"

ರೀಲಪ್ಪ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಆ ಸಿನಿಮಾದ ಕಥೆಯನ್ನೇ ಶುರುಮಾಡಿದ. ಮೊದಮೊದಲು ತಡವರಿಸಿದ. ಆಮೇಲೆ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನ ಮುಂದೆ ಸಿನಿಮಾ ತಾನಾಗಿ ಓಡತೊಡಗಿತು. ನಾಯಕಿಯ ಬಟ್ಟೆ ಯಾವ ಬಣ್ಣದ್ದು, ಮೆಟ್ಟಿಲಿನ ಮೇಲೆ ಬೆಕ್ಕು ಹೇಗೆ ಮಲಗಿತ್ತು, ಖಳನಾಯಕ ಸಿಗರೇಟು ಹಚ್ಚುವಾಗ ಗಾಳಿಗೆ ಕಡ್ಡಿ ಎಷ್ಟು ಸಲ ಆರಿತು, ಎಲ್ಲ ಹೇಳಿದ. ಇಂಟರ್ವಲ್ ಬಂದಾಗ ಅಭ್ಯಾಸಬಲದಿಂದ ನಿಲ್ಲಿಸಿ ಎದ್ದ. ಆಗ ಪಕ್ಕದ ಹಾಸಿಗೆಯ ಹೆಂಗಸು ಚಾವಣಿಗೆ ಮುಖ ಮಾಡಿಕೊಂಡೇ ಕೇಳಿದಳು:

"ಮುಂದೇನಾಯ್ತಪ್ಪ?"

ಅಡ್ಡಗೋಡೆಯ ಆ ಕಡೆಯಿಂದ ಗಂಡಸಿನ ದನಿಯೊಂದು, "ಹೌದು, ಆ ಹುಡುಗಿ ಬಾಗಿಲು ತೆಗೆದಳಾ ಇಲ್ವಾ?" ಎಂದಿತು.

ತಿರುಗಿ ನೋಡಿದರೆ ದೊಡ್ಡ ಸಿಸ್ಟರ್ ಬಾಗಿಲಿಗೆ ಒರಗಿ ನಿಂತಿದ್ದರು. ರೀಲಪ್ಪ ಅವಸರದಿಂದ ಸ್ಟೂಲನ್ನು ಗೋಡೆಗೆ ಸರಿಸಿದ.

"ನಾಳೆನೂ ಬನ್ನಿ," ಎಂದರು ಅವರು. "ಇಷ್ಟು ಹೊತ್ತಲ್ಲಿ ಒಬ್ಬರ ತಲೆನೂ ಅಲ್ಲಾಡಲಿಲ್ಲ. ಆದ್ರೆ ನೋಡಿ, ಎರಡು ವಿಷಯ. ನಗಿಸಬಾರ್ದು. ಅಳಿಸಬಾರ್ದು."

ಹೇಳಿದಷ್ಟು ಸುಲಭವೇ ಅದು? ಮನೆಗೆ ಹೋಗುವ ದಾರಿಯುದ್ದಕ್ಕೂ ರೀಲಪ್ಪ ತಲೆ ಕೆರೆದುಕೊಂಡ. ನಗುವೂ ಬೇಡ ಅಳುವೂ ಬೇಡ ಎಂದರೆ ಸಿನಿಮಾದಲ್ಲಿ ಉಳಿಯುವುದಾದರೂ ಏನು? ಟೈಟಲ್ಲು ಮತ್ತು ಇಂಟರ್ವಲ್ಲು. ಆದರೂ ಬೆಳಿಗ್ಗೆ ಎದ್ದು ಹೊರಟ. ಹಾಸ್ಯದ ದೃಶ್ಯಗಳನ್ನು ಕತ್ತರಿಸಿ ಎಸೆದ. ಹೊಡೆದಾಟಗಳನ್ನು ಉದ್ದ ಮಾಡಿದ. ತಾಯಿಯೊಬ್ಬಳ ಕಥೆಯಿತ್ತು, ಅವಳು ಮೊದಲ ರೀಲಿನಿಂದಲೇ ಕೆಮ್ಮುತ್ತಾಳೆ, ಕೊನೆಯ ರೀಲಿನಲ್ಲಿ ಸಾಯುತ್ತಾಳೆ. ಕೆಮ್ಮಿನ ಮಾತೆತ್ತಿದರೆ ಕೇಳುವವರಿಗೂ ಗಂಟಲು ಕೆರೆಯುತ್ತದೆಂದು ಆ ಕೆಮ್ಮನ್ನು ತಲೆನೋವು ಮಾಡಿದ. ಕೊನೆಯಲ್ಲಿ ಮಗ ಬಂದು ಮಾತ್ರೆ ಕೊಟ್ಟ, ತಲೆನೋವು ವಾಸಿಯಾಯಿತು, ಎಲ್ಲರೂ ಊಟಕ್ಕೆ ಕುಳಿತರು.

"ಅಲ್ರೀ, ನಾನು ಆ ಸಿನಿಮಾ ನೋಡಿದೀನಿ," ಎಂದಿತು ಆ ಕಡೆಯ ದನಿ. "ತಾಯಿ ಸಾಯ್ತಾಳಲ್ವಾ?"

ರೀಲಪ್ಪ ಅಡ್ಡಗೋಡೆಯ ಕಡೆ ತಿರುಗಿದ. "ನಮ್ಮ ಪ್ರಿಂಟಲ್ಲಿ ಸಾಯಲ್ಲ."

ಇಡೀ ವಾರ್ಡು ನಕ್ಕಿತು. ಹೊಟ್ಟೆ ಅಲುಗದಂತೆ, ಮುಖ ಅಲುಗದಂತೆ, ಮೂಗಿನಲ್ಲಿ ಮಾತ್ರ ಬುಸುಬುಸು ಎಂದು ನಕ್ಕಿತು. ದೊಡ್ಡ ಸಿಸ್ಟರ್ ಓಡಿ ಬಂದು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಪಟ್ಟಿ ಮುಟ್ಟಿ ನೋಡಿದರು. ರೀಲಪ್ಪ ನಾಲಿಗೆ ಕಚ್ಚಿಕೊಂಡು ನಿಂತಿದ್ದ.

ಅಕ್ಕ ಹೊಲಿಗೆ ಬಿಚ್ಚಿಸಿಕೊಂಡು, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಮನೆಗೆ ಬಂದಳು. ಮರುದಿನ ಬೆಳಿಗ್ಗೆ ತಮ್ಮ ಅಂಗಿ ತೊಟ್ಟು ತಲೆ ಬಾಚುತ್ತಿದ್ದುದನ್ನು ಕಂಡು, "ಎಲ್ಲಿಗೋ?" ಎಂದಳು.

"ಆಸ್ಪತ್ರೆಗೆ."

"ನಾನು ಇಲ್ಲೇ ಇದ್ದೀನಲ್ಲೋ."

"ಅವರಿಗೆ ಅರ್ಧ ಕಥೆ ಬಾಕಿ ಇದೆ ಅಕ್ಕ."

ಆ ಅರ್ಧ ಕಥೆ ಮುಗಿಯುವ ಹೊತ್ತಿಗೆ ಹೊಸಬರು ಬಂದು ಮಲಗಿರುತ್ತಿದ್ದರು, ಅವರಿಗಾಗಿ ಇನ್ನೊಂದು ಶುರುವಾಗುತ್ತಿತ್ತು. ಹಾಗೆ ಒಂದು ಕಥೆಗೆ ಇನ್ನೊಂದು ಕಥೆಯ ಬಾಲ ಕಟ್ಟಿಕೊಂಡು ವರ್ಷಗಳು ಸರಿದವು. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನದಿಂದ ಟಾಕೀಸು. ಕಥೆಯ ಜೊತೆಗೆ ಕೈಗೂ ಕೆಲಸ ಬಂತು. ಮೂತಿ ಇರುವ ಬಟ್ಟಲಿನಿಂದ ಹಾಲು ಕುಡಿಸುವುದು, ಬ್ರೆಡ್ಡು ನೆನೆಸಿ ಬಾಯಿಗಿಡುವುದು, ಬೆನ್ನ ಕೆಳಗೆ ಸರಿದ ಬೆಡ್‌ಶೀಟು ಎಳೆಯುವುದು, ಏಳಬಹುದು ಎಂದಾದವರನ್ನು ಹೆಗಲು ಹಿಡಿಸಿ ಬಚ್ಚಲಿಗೆ ಕರೆದೊಯ್ಯುವುದು. ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಕಲಿಯಿತು.

ಪಟ್ಟಿ ಬಿಚ್ಚುವ ದಿನ ಅವನಿಗೊಂದು ತಮಾಷೆ ಕಾದಿರುತ್ತಿತ್ತು. ದನಿ ಕೇಳಿ ಜನ ಅವನನ್ನು ಆಜಾನುಬಾಹು ಎಂದು ಎಣಿಸಿಕೊಂಡಿರುತ್ತಿದ್ದರು. ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಕುಳ್ಳಗಿನ, ಕಡ್ಡಿಯಂಥ ಮನುಷ್ಯ. "ನೀವೇನಾ?" ಎಂದು ನಂಬದೆ ಕೇಳುವರು. ಆಮೇಲೆ ಬೀದಿಯಲ್ಲಿ ಸಿಕ್ಕಾಗಲೂ ಅಷ್ಟೆ. ಕೆಲವರು ಅವನ ಮುಂದೆ ನಿಂತು, ಎರಡೂ ಕಣ್ಣು ಮುಚ್ಚಿಕೊಂಡು, "ಎಲ್ಲಿ, ಒಂದು ಮಾತಾಡಿ" ಎನ್ನುವರು. ಅವನು "ಹೇಗಿದೀರ" ಎಂದರೆ ಸಾಕು, ಮುಖ ಅರಳುತ್ತಿತ್ತು. ಕ್ಯಾಬಿನ್ನಿನ ಪುಟ್ಟ ಕಿಂಡಿಯಿಂದ ಜನರ ತಲೆಯ ಹಿಂಭಾಗವನ್ನಷ್ಟೇ ನೋಡುತ್ತ ಬಂದವನಿಗೆ ಇಷ್ಟೊಂದು ಮುಖಗಳು ತನ್ನ ಕಡೆ ತಿರುಗುವುದು ಹೊಸದಾಗಿತ್ತು. ಅವನು ಹೊರಗೆ ತೋರಿಸಿಕೊಳ್ಳಲಿಲ್ಲ. ಆದರೆ ಅಂಥ ದಿನ ಮನೆಗೆ ಬಂದರೆ ಅಕ್ಕನಿಗೆ ಗೊತ್ತಾಗುತ್ತಿತ್ತು. "ಇವತ್ತು ಯಾರ ಕಣ್ಣು ಬಿಚ್ಚಿದ್ರು?" ಎಂದು ಕೇಳುತ್ತಿದ್ದಳು.

ಎಲ್ಲರ ಕಣ್ಣೂ ಬರುತ್ತಿರಲಿಲ್ಲ.

ಗಡಿಯಾರ ರಿಪೇರಿಯವರೊಬ್ಬರು ಗಂಡಸರ ಕಡೆಯ ಕೊನೆಯ ಹಾಸಿಗೆಗೆ ಬಂದರು. ಒಂದು ಕಣ್ಣು ಎಂದೋ ಹೋಗಿತ್ತು. ಉಳಿದ ಒಂದರಿಂದಲೇ ಭೂತಗನ್ನಡಿ ಹಿಡಿದು ಕೆಲಸ ಮಾಡುತ್ತಿದ್ದರು. ಈಗ ಅದಕ್ಕೂ ಆಪರೇಷನ್ನಾಗಿತ್ತು. ಎಲ್ಲರೂ ಕಥೆಗೆ ಕಿವಿ ನಿಮಿರಿಸಿದರೆ ಅವರೊಬ್ಬರು ಮಾತ್ರ ಉಸಿರೆತ್ತುತ್ತಿರಲಿಲ್ಲ. ಒಂದು ದಿನ ರೀಲಪ್ಪ ಹಾಲು ಕುಡಿಸುವಾಗ ತಾನಾಗಿ ಕೇಳಿದ, "ನಿಮ್ಗೆ ಕಥೆ ಹಿಡಿಸಲ್ವಾ?"

"ಕಥೆ ಇರ್ಲಿ. ನಿಮ್ಮ ಮೆಷಿನ್ ಹೇಗೆ ನಡೆಯತ್ತೆ, ಅದನ್ನ ಹೇಳಿ."

ಅದನ್ನು ಅವನಲ್ಲಿ ಈ ತನಕ ಯಾರೂ ಕೇಳಿರಲಿಲ್ಲ. ಮೆಷಿನ್ನಿನೊಳಗಿನ ಎರಡು ಕಾರ್ಬನ್ ಕಡ್ಡಿಗಳ ನಡುವೆ ಬೆಳಕು ಹೇಗೆ ಹೊತ್ತಿಕೊಳ್ಳುತ್ತದೆ, ಫಿಲಂ ಎಲ್ಲಿಂದ ಇಳಿದು ಎಲ್ಲಿ ಸುತ್ತಿಕೊಳ್ಳುತ್ತದೆ ಎಂದು ಅವನು ಕೈಸನ್ನೆ ಮಾಡುತ್ತ ಹೇಳಿದ. ಆಮೇಲೆ ಕೈಸನ್ನೆ ಅವರಿಗೆ ಕಾಣದೆಂದು ನೆನಪಾಗಿ, ಅವರ ಅಂಗೈ ಹಿಡಿದು ಅದರ ಮೇಲೆ ಬೆರಳಿಂದ ಎಳೆದು ತೋರಿಸಿದ.

"ಫಿಲಂ ಒಂದೇ ಸಮ ಓಡಲ್ಲ, ಗೊತ್ತಾ? ಒಂದೊಂದು ಚಿತ್ರಕ್ಕೂ ಕ್ಷಣ ನಿಲ್ಲತ್ತೆ. ನಿಂತು, ಮತ್ತೆ ಜಾರತ್ತೆ. ನೋಡೋರಿಗೆ ಮಾತ್ರ ಗೊತ್ತಾಗಲ್ಲ."

ಗಡಿಯಾರದವರ ತುಟಿ ಮೆಲ್ಲಗೆ ಅರಳಿತು. "ನಮ್ಮದೂ ಅದೇ ಕಣ್ರೀ. ಮುಳ್ಳು ನಿಂತು ನಿಂತೇ ನಡೆಯೋದು."

ಅಲ್ಲಿಂದ ಇಬ್ಬರಿಗೂ ಸ್ನೇಹ ಕುದುರಿತು. ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಆ ಕೊನೆಯ ಹಾಸಿಗೆಯ ಬಳಿ ಹಲ್ಲುಚಕ್ರ, ಸ್ಪ್ರಿಂಗು, ಎಣ್ಣೆಗಳ ಮಾತು ನಡೆಯುತ್ತಿತ್ತು. ಬೇರೆಯವರ ಪಾಲಿಗೆ ಅದು ನಿದ್ದೆಯ ಔಷಧಿ.

ಅವರ ಪಟ್ಟಿ ಬಿಚ್ಚಿದ ಬೆಳಿಗ್ಗೆ ರೀಲಪ್ಪ ಪಕ್ಕದಲ್ಲೇ ನಿಂತಿದ್ದ. ಡಾಕ್ಟರು ಟಾರ್ಚು ಹಿಡಿದರು. ಬೆಳಕು ಕಾಣುತ್ತದೆಯೇ ಎಂದರು. ಇಲ್ಲ ಎಂದರು ಗಡಿಯಾರದವರು. ಈಗ? ಇಲ್ಲ. ಡಾಕ್ಟರು ಬಹಳ ಹೊತ್ತು ನೋಡಿದರು, ಅವರ ಭುಜದ ಮೇಲೆ ಕೈಯಿಟ್ಟು ಒಳಗಿನ ನರ ಒಣಗಿಹೋಗಿದೆ ಎಂದು ಬಿಡಿಸಿ ಹೇಳಿದರು. ಬೇರೆ ರೋಗಿಗಳು ಕಾದಿದ್ದರಿಂದ ಡಾಕ್ಟರು ಹೋದರು. ದೊಡ್ಡ ಸಿಸ್ಟರ್ ಮಾತ್ರ ಹೋಗಲಿಲ್ಲ. ಮರಳಿನ ಚೀಲ ಎರಡನ್ನೂ ಎತ್ತಿ ಕೆಳಗಿಟ್ಟರು. ಆಮೇಲೆ, ಅವರ ಗಂಟಲಿನಿಂದ ಬರಬಹುದೆಂದು ಯಾರೂ ಎಣಿಸದಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ಇನ್ನು ನೀವು ಅಳಬಹುದು. ಏನೂ ತೊಂದರೆ ಇಲ್ಲ."

ಗಡಿಯಾರದವರು ತಲೆಯಾಡಿಸಿದರು. ಅಳಲಿಲ್ಲ. ಎದ್ದು ಕುಳಿತು, "ರೀಲಪ್ಪನೋರೇ, ನನ್ನನ್ನ ಸ್ವಲ್ಪ ಹೊರಗೆ ಕೂರಿಸ್ತೀರಾ?" ಎಂದರು.

ವರಾಂಡದ ಬೆಂಚಿನಲ್ಲಿ ಇಬ್ಬರೂ ಕುಳಿತರು. ಬಿಸಿಲು ಏರುತ್ತಿತ್ತು. ಅಂಗಳದಲ್ಲಿ ಯಾರೋ ಬೆಡ್‌ಶೀಟುಗಳನ್ನು ಒಗೆದು ಹರವುತ್ತಿದ್ದರು, ಒದ್ದೆ ಬಟ್ಟೆ ಕೊಡವುವ ಸದ್ದು ಕೇಳುತ್ತಿತ್ತು.

"ಮನೆಯವಳು ಊಟ ತಗೊಂಡು ಬರ್ತಾಳೆ," ಎಂದರು ಗಡಿಯಾರದವರು. "ಅವಳು ಬರೋದ್ರೊಳಗೆ ಅತ್ತು ಮುಗಿಸ್ಬೇಕು. ಅವಳೆದುರು ಅತ್ರೆ ಅವಳು ಕುಸಿದುಹೋಗ್ತಾಳೆ. ಆದ್ರೆ ನೋಡಿ, ಬರ್ತಾನೇ ಇಲ್ಲ. ಇಷ್ಟು ದಿನ ತಡ್ಕೊಂಡು ತಡ್ಕೊಂಡು ಎಲ್ಲೋ ಸಿಕ್ಕಿಹಾಕ್ಕೊಂಡಿದೆ."

ಗಡಿಯಾರದವರು ರೀಲಪ್ಪನ ಕಡೆ ಮುಖ ತಿರುಗಿಸಿದರು.

"ಮೊನ್ನೆ ವಾರ್ಡಲ್ಲಿ ಹೇಳಿದ್ರಲ್ಲ, ಆ ತಾಯಿ ಸಿನಿಮಾ, ತಲೆನೋವಿಂದು. ಅದನ್ನ ಹೇಳಿ. ಏನೂ ಕತ್ತರಿಸಬೇಡಿ. ಇದ್ದದ್ದು ಇದ್ದ ಹಾಗೆ."

ಮ್ಯಾಟಿನಿಗೆ ಹೊತ್ತಾಗುತ್ತಿತ್ತು. ರೀಲಪ್ಪ ಒಮ್ಮೆ ಗೇಟಿನ ಕಡೆ ನೋಡಿದ, ಆಮೇಲೆ ಬೆಂಚಿಗೆ ಸರಿಯಾಗಿ ಒರಗಿ ಕುಳಿತ.

ಈ ಸಲ ತಾಯಿ ಕೆಮ್ಮಿದಳು. ಕತ್ತರಿಸಿ ಎಸೆದಿದ್ದ ಹಾಸ್ಯದ ದೃಶ್ಯಗಳೆಲ್ಲ ವಾಪಸು ಬಂದವು. ಪಕ್ಕದ ಮನೆಯ ಜಿಪುಣ ಕೊಡೆ ಹಾಳಾಗುತ್ತದೆಂದು ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮಳೆಯಲ್ಲಿ ನೆನೆಯುವ ಕಡೆ ಗಡಿಯಾರದವರು ತಲೆ ಹಿಂದಕ್ಕೆ ಹಾಕಿ ನಕ್ಕರು, ಜೋರಾಗಿ ನಕ್ಕರು. ಒಳಗೆ ವಾರ್ಡಿನಲ್ಲಿ ಮಲಗಿದವರಿಗೆ ಹೊಟ್ಟೆಕಿಚ್ಚಾಗುವಂತೆ ನಕ್ಕರು. ಕೊನೆಯ ರೀಲು ಬಂತು. ಮಗ ಬರುತ್ತಾನೆಂದು ತಾಯಿ ತಟ್ಟೆ ಇಟ್ಟು, ಬಾಗಿಲಿಗೆ ಒರಗಿ ಕಾಯುತ್ತಾಳೆ. ಕಾಯುತ್ತಲೇ ಜೀವ ಹೋಗುತ್ತದೆ. ಮಗ ಬರುತ್ತಾನೆ. ಅಮ್ಮನಿಗೆ ನಿದ್ದೆ ಹತ್ತಿದೆ ಎಂದುಕೊಂಡು, ಅವಳಿಗೆ ಎಚ್ಚರವಾದೀತೆಂದು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋಗುತ್ತಾನೆ. ತಾನೇ ಬಡಿಸಿಕೊಂಡು ತಿನ್ನತೊಡಗುತ್ತಾನೆ. ತಟ್ಟೆಯ ಸದ್ದಾಗದ ಹಾಗೆ, ಒಂದೊಂದೇ ತುತ್ತು.

ಗಡಿಯಾರದವರು ಮುಖ ಮುಚ್ಚಿಕೊಂಡರು. ಭುಜಗಳು ಕುಲುಕತೊಡಗಿದವು. ಆ ರೀಲನ್ನು ಎಷ್ಟೋ ನೂರು ಸಲ ಓಡಿಸಿದ್ದ ರೀಲಪ್ಪನಿಗೆ ಒಮ್ಮೆಯೂ ಕಣ್ಣು ಒದ್ದೆಯಾಗಿರಲಿಲ್ಲ. ಆ ಹೊತ್ತಿನಲ್ಲಿ ಅವನ ಗಮನವೆಲ್ಲ ಉರಿಯುವ ಕಡ್ಡಿಯ ಮೇಲೋ, ಸುತ್ತಿಡಬೇಕಾದ ರೀಲಿನ ಮೇಲೋ ಇರುತ್ತಿತ್ತು. ಅಂದು ಮೊದಲ ಬಾರಿಗೆ ಅವನು ಆ ಸಿನಿಮಾ ಪೂರ್ತಿ ನೋಡಿದ. ಇಬ್ಬರು ಗಂಡಸರು ಹಾಡುಹಗಲಿನಲ್ಲಿ ಬೆಂಚಿನ ಮೇಲೆ ಕುಳಿತು ಅತ್ತರು. ದಾಟಿಹೋದವರು ಯಾರೂ ಏನೆಂದು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಅದೊಂದು ಅನುಕೂಲ.

ಗೇಟಿನಲ್ಲಿ ಹೆಂಡತಿ ಊಟದ ಚೀಲ ಹಿಡಿದು ಬರುವಷ್ಟರಲ್ಲಿ ಗಡಿಯಾರದವರು ಮುಖ ತೊಳೆದುಕೊಂಡು, ತಲೆ ಸವರಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. "ಬಂದ್ಯಾ?" ಎಂದರು. "ಬಾ, ಕೂತ್ಕೋ. ಒಂದು ವಿಷಯ ಹೇಳ್ಬೇಕು."

ರೀಲಪ್ಪ ಟಾಕೀಸು ತಲುಪಿದಾಗ ಒಳಗೆ ಸಿಳ್ಳೆ, ಕೂಗು, ಕುರ್ಚಿ ಬಡಿಯುವ ಸದ್ದು. ಯಜಮಾನರು ಮೆಟ್ಟಿಲಲ್ಲೇ ಉರಿಯುತ್ತ ನಿಂತಿದ್ದರು.

"ಎಲ್ಲಿ ಹೋಗಿ ಸತ್ತಿದ್ದೆ?"

"ಸಿನಿಮಾ ನೋಡ್ತಿದ್ದೆ ಸಾರ್," ಎಂದುಬಿಟ್ಟ. ಯಜಮಾನರು ಬೆಪ್ಪಾಗಿ ನಿಂತರು. ಅವನು ಕ್ಯಾಬಿನ್ನಿಗೆ ಹತ್ತಿ ಮೆಷಿನ್ನಿನ ಕಡ್ಡಿ ಹೊತ್ತಿಸಿದ.

ಗಡಿಯಾರದವರು ಆ ಮೇಲೆ ಬಹಳ ದಿನ ಮನೆಯ ಮೂಲೆ ಹಿಡಿದು ಕುಳಿತರು. ರೀಲಪ್ಪ ಬಿಡುವಾದಾಗ ಹೋಗಿ ಬರುತ್ತಿದ್ದ. ಒಂದು ದಿನ ದೊಡ್ಡ ಸಿಸ್ಟರೇ ಹೇಳಿ ಕಳಿಸಿದರು, ಅವರನ್ನು ಇಲ್ಲಿಗೆ ಕರೆದುಕೊಂಡು ಬನ್ನಿ ಎಂದು.

"ಕಣ್ಣಿಲ್ದೋನು ಕಣ್ಣಿನ ವಾರ್ಡಲ್ಲಿ ಕೂತ್ರೆ ಪೇಷಂಟುಗಳು ಹೆದರಿ ಓಡಿಹೋಗ್ತಾರೆ," ಎಂದರು ಗಡಿಯಾರದವರು.

"ಓಡಲ್ಲ. ಅವರ ಕಣ್ಣಿಗೂ ಪಟ್ಟಿ ಇರತ್ತೆ."

ಬಂದರು. ಮೊದಲ ದಿನ ಹೊಸದಾಗಿ ಪಟ್ಟಿ ಕಟ್ಟಿಸಿಕೊಂಡ ಮುದುಕರೊಬ್ಬರು ಕತ್ತಲಿಗೆ ಹೆದರಿ ಮಂಚದ ಕಂಬಿ ಹಿಡಿದುಕೊಂಡಿದ್ದರು. ಗಡಿಯಾರದವರು ಅವರ ಕೈ ತೆಗೆದುಕೊಂಡು, ಬೆರಳಿನ ಹಿಂಭಾಗದಿಂದ ಮೇಜು ಸವರುತ್ತ ಲೋಟ ಹುಡುಕುವುದನ್ನು ಕಲಿಸಿದರು. ಬೆರಳ ತುದಿಯಿಂದ ಹುಡುಕಿದರೆ ಲೋಟ ಉರುಳುತ್ತದೆ, ಹೀಗಾದರೆ ಉರುಳುವುದಿಲ್ಲ ಎಂದರು. ಇದನ್ನು ಅವರು ಆ ತಿಂಗಳುಗಳಲ್ಲಿ ಮನೆಯ ಎಷ್ಟೋ ಲೋಟ ಉರುಳಿಸಿ ಕಲಿತದ್ದು. ವಾಪಸು ಹೋಗುವಾಗ ರೀಲಪ್ಪನ ಹೆಗಲು ಹಿಡಿದು ನಡೆಯುತ್ತ ಅವರು ಹೇಳಿದರು, "ಇವತ್ತು ಬೆಳಿಗ್ಗೆ ಪೂರ್ತಿ ನನ್ನ ಕಣ್ಣಿನ ಯೋಚನೆ ಬರಲಿಲ್ಲ ಕಣ್ರೀ. ಮರೆತೇಹೋಗಿತ್ತು."

ಆಮೇಲೆ ಅವರು ಬಾರದ ದಿನವೇ ಇಲ್ಲ. ಒಬ್ಬರು ಕಥೆ ಹೇಳುವುದು, ಇನ್ನೊಬ್ಬರು ಕೈ ಹಿಡಿಯುವುದು. ಕಣ್ಣು ಬಾರದವರು ಯಾರಾದರೂ ಇದ್ದರೆ ವರಾಂಡದ ಬೆಂಚು. ಅಲ್ಲಿ ರೀಲಪ್ಪನಿಗಿಂತ ಗಡಿಯಾರದವರ ಮಾತೇ ಹೆಚ್ಚು ಬೇಕಾಗುತ್ತಿತ್ತು.

ಕಾಲ ಬದಲಾದದ್ದು ಮೆಲ್ಲಮೆಲ್ಲಗೆ. ಮೊದಲು ಮರಳಿನ ಚೀಲ ಹೋಯಿತು. ಆಮೇಲೆ ಒಂದೇ ಕಣ್ಣಿಗೆ ಪಟ್ಟಿ ಎಂದರು. ಮಲಗುವ ದಿನಗಳು ಕಡಿಮೆಯಾಗುತ್ತ ಬಂದವು, ರೀಲಪ್ಪ ಕಥೆಗಳನ್ನು ಚಿಕ್ಕದು ಮಾಡುತ್ತ ಬಂದ. ಹಾಡು ಹೋಯಿತು, ಹೊಡೆದಾಟ ಹೋಯಿತು. ಕೊನೆಗೆ ಇಂಟರ್ವಲ್ಲಿಗೆ ಮುಂಚೆಯೇ ಜನ ಎದ್ದು ಮನೆಗೆ ಹೋಗತೊಡಗಿದರು. "ಒಳ್ಳೇದೇ ಆಯ್ತಲ್ರೀ," ಎಂದು ಗಡಿಯಾರದವರು ಹೇಳಿದರು, ರೀಲಪ್ಪನೂ ಒಳ್ಳೆಯದೇ ಎಂದ. ಇಬ್ಬರೂ ಖಾಲಿ ವಾರ್ಡಿನಲ್ಲಿ ಸ್ವಲ್ಪ ಹೊತ್ತು ಕುಳಿತು ಎದ್ದರು. ದೊಡ್ಡ ಸಿಸ್ಟರ್ ನಿವೃತ್ತರಾದರು. ಟಾಕೀಸು ಮುಚ್ಚಿತು. ಅಕ್ಕ ಹೋದಳು, ಕೆಲ ವರ್ಷಗಳ ಮೇಲೆ ಗಡಿಯಾರದವರೂ ಹೋದರು.

ಕುರ್ಚಿಯಲ್ಲಿ ಕುಳಿತ ರೀಲಪ್ಪ ಒಂದೇ ಕಣ್ಣಿನಿಂದ ಕೋಣೆಯನ್ನು ಒಮ್ಮೆ ಉದ್ದಕ್ಕೂ ನೋಡಿದ. ಕೊನೆಯ ಹಾಸಿಗೆ ಇದ್ದ ಕಡೆ ಈಗ ನೀರು ಕುಡಿಯುವ ಯಂತ್ರವಿತ್ತು. ಇಬ್ಬರು ಹುಡುಗಿಯರು, ಎದೆಗೆ ಸ್ವಯಂಸೇವಕಿ ಎಂಬ ಬಿಲ್ಲೆ ಹಾಕಿಕೊಂಡವರು, ಬಂದವರಿಗೆ ದಾರಿ ತೋರಿಸುತ್ತ ಓಡಾಡುತ್ತಿದ್ದರು. ಅವರಲ್ಲಿ ಒಬ್ಬಳು ಅವನನ್ನು ಕಂಡು ಹತ್ತಿರ ಬಂದಳು.

"ಅಜ್ಜ, ಒಬ್ಬರೇ ಇದೀರಾ? ನೀರು ಬೇಕಾ?"

"ಬೇಡಮ್ಮ. ಜೊತೇಲಿ ಬಂದಿದಾರೆ. ನಿಂಗೆ ಈ ಕೆಲಸ ಹೇಗನ್ಸತ್ತೆ?"

"ಬೇಜಾರು ಅಂದ್ಕೊಂಡು ಬಂದೆ ಅಜ್ಜ. ಈಗ ರಜೆ ದಿನ ಮನೇಲಿ ಕೂತ್ರೇ ಬೇಜಾರು."

ಅವನು ತಲೆದೂಗಿದ. ಹೇಳಬೇಕಾದ್ದು ಬೇಕಾದಷ್ಟಿತ್ತು, ಆದರೆ ಅವಳನ್ನು ಯಾರೋ ಕರೆದರು, ಅವಳು ಓಡಿದಳು. ಅಷ್ಟರಲ್ಲಿ ಅಕ್ಕನ ಮಗಳು ಔಷಧಿ ಹಿಡಿದು ಬಂದು ಬ್ಯಾಗೆತ್ತಿಕೊಂಡಳು.

ಮರುದಿನ ಬೆಳಿಗ್ಗೆ ಅವಳೇ ಅವನ ಕಣ್ಣಿನ ಮುಚ್ಚಳ ಬಿಚ್ಚಿದಳು. ಒದ್ದೆ ಹತ್ತಿಯಿಂದ ರೆಪ್ಪೆ ಒರೆಸಿದಳು. ರೀಲಪ್ಪ ಮೆಲ್ಲಗೆ ಕಣ್ಣು ಬಿಟ್ಟ. ಕಿಟಕಿಯ ಬೆಳಕು ತೊಳೆದಿಟ್ಟಂತಿತ್ತು. ಬಿಳಿ ಗೋಡೆ ಬಿಳಿಯಾಗಿಯೇ ಇತ್ತು. ಇಷ್ಟು ದಿನ ಅದು ಮಾಸಿದೆ, ಸುಣ್ಣ ಹೊಡೆಸಬೇಕು ಎಂದು ದಿನವೂ ಗೊಣಗಿದ್ದ. ಆಮೇಲೆ ಅವನು ತನ್ನ ಮುಖಕ್ಕೆ ಇಷ್ಟು ಹತ್ತಿರ ಬಗ್ಗಿದ್ದ ಅವಳ ಮುಖ ನೋಡಿದ. ನೋಡಿದ, ನೋಡುತ್ತಲೇ ಉಳಿದ.

"ಏನು ಮಾಮ? ಕಾಣ್ತಿಲ್ವಾ?" ಎಂದಳು ಗಾಬರಿಯಿಂದ.

"ಕಾಣ್ತಿದೆ. ನಿಂಗೆ ಯಾವಾಗ ಕೂದಲು ನರೆತದ್ದು?"

ಅವಳು ನಕ್ಕು ಕಿವಿಯ ಹಿಂದಕ್ಕೆ ಕೂದಲು ಸರಿಸಿಕೊಂಡಳು. "ಎಷ್ಟ್ ವರ್ಷ ಆಯ್ತು ಮಾಮ. ನಿಂಗೆ ಗೊತ್ತೇ ಆಗಿಲ್ವಾ?"

"ಇಲ್ಲ. ನಿಲ್ಲು, ಅಲುಗಾಡಬೇಡ," ಎಂದ ರೀಲಪ್ಪ. "ನೋಡ್ತೀನಿ."

ಅವಳು ಹತ್ತಿಯ ಉಂಡೆ ಕೈಯಲ್ಲಿ ಹಿಡಿದುಕೊಂಡೇ, ಅವನಿಗೆ ನೋಡಿ ಸಾಕಾಗುವ ತನಕ, ಅಲುಗಾಡದೆ ನಿಂತಳು.